ಮನೆಯಲ್ಲಿ ಕಟ್ಟುವ ಫೋನೋ ಪ್ರಿಆಂಪ್ಲಿಫೈಯರ್

ಗ್ರಾಮಫೋನ್ ತಟ್ಟೆಯ ಗೀರಿನಲ್ಲಿ ಓಡುವ ಸೂಜಿ ಹುಟ್ಟಿಸುವ ಅತಿ ಸಣ್ಣ ವಿದ್ಯುತ್ ಸಂಕೇತವನ್ನು ಸಾಮಾನ್ಯ ಆಂಪ್ಲಿಫೈಯರ್‌ಗೆ ಸಾಕಾಗುವಷ್ಟು ಹಿಗ್ಗಿಸಿ, ಮುದ್ರಣದ ವೇಳೆ ಬೇಕೆಂದೇ ಬದಲಿಸಿದ ಮಂದ್ರ-ತಾರಗಳ ಪ್ರಮಾಣವನ್ನು ಮೊದಲಿನಂತೆ ಮಾಡುವ ಮಂಡಲ. ಟರ್ನ್‌ಟೇಬಲ್‌ಗೂ ಆಂಪ್ಲಿಫೈಯರ್‌ಗೂ ನಡುವೆ ಇದರ ಜಾಗ. ಅಂಗಡಿಯಲ್ಲಿ ಸಿದ್ಧವಾಗಿ ಸಿಗುತ್ತದೆ. ಆದರೂ ಬೆಸುಗೆ ಹಾಕಲು ಬಲ್ಲ ಹವ್ಯಾಸಿಗಳು ಇದನ್ನು ಸ್ವಂತವಾಗಿ ಕಟ್ಟುವ ರೂಢಿ ಅರ್ಧ ಶತಮಾನಕ್ಕೂ ಹಳೆಯದು. ಅಮೆರಿಕದಲ್ಲಿ ವಾಷಿಂಗ್ಟನ್ ಡಿಸಿ ಸುತ್ತಲಿನ ಪ್ರದೇಶ, ಜಾರ್ಜಿಯಾದ ಅಟ್ಲಾಂಟಾ ಮತ್ತು ಎರಡು ಕ್ಯಾರೊಲಿನಾ ರಾಜ್ಯಗಳು ಈ ರೂಢಿಯೊಡನೆ ಹಲವು ಬಗೆಯಲ್ಲಿ ಬೆಸೆದುಕೊಂಡಿವೆ. ತಟ್ಟೆಯ ಮೇಲಿನ ಮುದ್ರಣಕ್ಕೆ ಪೇಟೆಂಟ್ ಪಡೆದವನು ವಾಷಿಂಗ್ಟನ್ನಿನವನು. ಮಂದ್ರ-ತಾರಗಳನ್ನು ಸರಿದೂಗಿಸುವ, ಅಂದರೆ ಸಮೀಕರಣದ, ರೇಖೆಗೆ ಹೆಸರು ಕೊಟ್ಟ ಸಂಸ್ಥೆಯ ಕಚೇರಿ ಅಲ್ಲಿದೆ. ಹವ್ಯಾಸಿಗಳಿಗೆ ಮಂಡಲಗಳನ್ನು ಬಿಡಿಸಿಕೊಟ್ಟ ಪ್ರಾಧ್ಯಾಪಕರೊಬ್ಬರು ಅಟ್ಲಾಂಟಾದಲ್ಲಿ ಪಾಠ ಹೇಳಿದರು.

ಏಕೆ ಬೇಕು

ಇಂದು ಹೆಚ್ಚು ಬಳಕೆಯಲ್ಲಿರುವ ಮೂವಿಂಗ್ ಮ್ಯಾಗ್ನೆಟ್ ಕಾರ್ಟ್ರಿಡ್ಜ್ ಕೊಡುವ ಸಂಕೇತ ಸುಮಾರು 5 ಮಿಲಿವೋಲ್ಟ್. ಮೂವಿಂಗ್ ಕಾಯಿಲ್ ಬಗೆಯದು ಇನ್ನೂ ಕ್ಷೀಣ, ಸಾಮಾನ್ಯವಾಗಿ 0.2ರಿಂದ 0.5 ಮಿಲಿವೋಲ್ಟ್. ಸಿಡಿ ಪ್ಲೇಯರ್ ಕೊಡುವುದು ಗರಿಷ್ಠ 2 ವೋಲ್ಟ್. ಹೀಗಾಗಿ ಮೊದಲ ಬಗೆಗೆ 1 ಕಿಲೋಹರ್ಟ್ಸ್‌ನಲ್ಲಿ ಸುಮಾರು 40 ಡೆಸಿಬೆಲ್, ಅಂದರೆ ನೂರು ಪಟ್ಟು ವರ್ಧನೆ ಬೇಕು. ಎರಡನೆಯದಕ್ಕೆ 60 ಡೆಸಿಬೆಲ್, ಅಂದರೆ ಸಾವಿರ ಪಟ್ಟು.

ಬರೀ ಹಿಗ್ಗಿಸಿದರೆ ಸಾಲದು. ಮಂದ್ರ ಸ್ವರಗಳನ್ನು ಇದ್ದಂತೆಯೇ ಕೊರೆದರೆ ಗೀರು ಅಗಲವಾಗಿ ಹೊಯ್ದಾಡಿ ಪಕ್ಕದ ಗೀರನ್ನು ಮುಟ್ಟುತ್ತದೆ, ತಟ್ಟೆಯಲ್ಲಿ ಹಿಡಿಸುವ ಹಾಡಿನ ಅವಧಿ ಕುಗ್ಗುತ್ತದೆ. ತಾರ ಸ್ವರಗಳನ್ನು ಇದ್ದಂತೆ ಬಿಟ್ಟರೆ ಅವು ತಟ್ಟೆಯ ಮೇಲ್ಮೈ ಸದ್ದಿನಲ್ಲಿ ಮುಳುಗುತ್ತವೆ. ಅದಕ್ಕಾಗಿ ಕೊರೆಯುವಾಗ ಮಂದ್ರವನ್ನು ತಗ್ಗಿಸಿ ತಾರವನ್ನು ಎತ್ತುತ್ತಾರೆ. ನುಡಿಸುವಾಗ ಫೋನೋ ಪ್ರಿಆಂಪ್ಲಿಫೈಯರ್ ಇದಕ್ಕೆ ತದ್ವಿರುದ್ಧವಾದ ಕೆಲಸ ಮಾಡುತ್ತದೆ. ತಾರವನ್ನು ತಗ್ಗಿಸುವಾಗ ಅದರ ಜೊತೆಗೇ ಮೇಲ್ಮೈಯ ಚರಚರ ಸದ್ದೂ ತಗ್ಗುತ್ತದೆ.

ಆರ್‌ಐಎಎ ರೇಖೆ

1948ರಲ್ಲಿ ಕೊಲಂಬಿಯಾ ಕಂಪನಿ ಎಲ್‌ಪಿ ತಂದಾಗ ಈ ಏರಿಳಿತಕ್ಕೆ ಒಪ್ಪಿತ ಅಳತೆ ಇರಲಿಲ್ಲ. ಒಂದೊಂದು ಕಂಪನಿಯದು ಒಂದೊಂದು ರೇಖೆ. ಹಳೆಯ ಪ್ರಿಆಂಪ್ಲಿಫೈಯರ್‌ಗಳ ಮುಖದ ಮೇಲೆ ಹಲವು ಸಮೀಕರಣದ ಗುಂಡಿಗಳು ಕಾಣುವುದು ಇದೇ ಕಾರಣಕ್ಕೆ. ಆರ್‌ಸಿಎ ವಿಕ್ಟರ್ 1953ರಲ್ಲಿ ಬಳಕೆಗೆ ತಂದ ರೇಖೆಯನ್ನೇ 1954ರಲ್ಲಿ ಅಮೆರಿಕದ ಧ್ವನಿಮುದ್ರಣ ಉದ್ಯಮದ ಸಂಘವಾದ ಆರ್‌ಐಎಎ ಎಲ್ಲರಿಗೂ ಸಾಮಾನ್ಯ ಮಾನಕವಾಗಿ ಅಂಗೀಕರಿಸಿತು. 1952ರಲ್ಲಿ ಹುಟ್ಟಿದ ಈ ಸಂಘದ ಪ್ರಧಾನ ಕಚೇರಿ ಈಗ ವಾಷಿಂಗ್ಟನ್ ಡಿಸಿಯಲ್ಲಿದೆ.

ರೇಖೆಯನ್ನು ಮೂರು ಕಾಲಸ್ಥಿರಾಂಕಗಳು ನಿರ್ಧರಿಸುತ್ತವೆ: 3180, 318 ಮತ್ತು 75 ಮೈಕ್ರೊಸೆಕೆಂಡ್. ಇವಕ್ಕೆ ಹೊಂದುವ ಆವೃತ್ತಿಗಳು ಸುಮಾರಾಗಿ 50, 500 ಮತ್ತು 2122 ಹರ್ಟ್ಸ್. 1 ಕಿಲೋಹರ್ಟ್ಸ್ ಅನ್ನು ಸೊನ್ನೆಯಾಗಿಟ್ಟುಕೊಂಡರೆ ನುಡಿಸುವಾಗ 20 ಹರ್ಟ್ಸ್‌ನಲ್ಲಿ 19.3 ಡೆಸಿಬೆಲ್ ಏರಿಕೆ, 20 ಕಿಲೋಹರ್ಟ್ಸ್‌ನಲ್ಲಿ 19.6 ಡೆಸಿಬೆಲ್ ಇಳಿಕೆ ಬೇಕಾಗುತ್ತದೆ. ಎರಡು ತುದಿಗಳ ನಡುವಿನ ವ್ಯತ್ಯಾಸ ಸುಮಾರು 90 ಪಟ್ಟು. ಈ ರೇಖೆಗೆ ಬೇಕಾದ ರೆಸಿಸ್ಟರ್-ಕೆಪಾಸಿಟರ್ ಮೌಲ್ಯಗಳ ಲೆಕ್ಕ ಬಹುಕಾಲ ಗೊಂದಲದಲ್ಲಿತ್ತು. ಪತ್ರಿಕೆಗಳಲ್ಲಿ ತಪ್ಪು ಸೂತ್ರಗಳೂ ಓಡಾಡುತ್ತಿದ್ದವು. ಸ್ಟ್ಯಾನ್ಲಿ ಲಿಪ್‌ಶಿಟ್ಜ್ 1979ರಲ್ಲಿ ಆಡಿಯೋ ಎಂಜಿನಿಯರಿಂಗ್ ಸೊಸೈಟಿಯ ನಿಯತಕಾಲಿಕದಲ್ಲಿ ಬರೆದ ಪ್ರಬಂಧ ಎಲ್ಲ ಬಗೆಯ ಜಾಲಗಳಿಗೂ ಖಚಿತ ಸೂತ್ರಗಳನ್ನು ಕೊಟ್ಟು ಆ ಗೊಂದಲವನ್ನು ಮುಗಿಸಿತು.

ಪ್ರದೇಶದ ಹಿನ್ನೆಲೆ

ಜರ್ಮನಿಯಲ್ಲಿ ಹುಟ್ಟಿ 1870ರಲ್ಲಿ ಅಮೆರಿಕಕ್ಕೆ ಬಂದ ಎಮಿಲ್ ಬರ್ಲಿನರ್ ವಾಷಿಂಗ್ಟನ್ನಿನಲ್ಲಿ ನೆಲೆಸಿ, 1887ರಲ್ಲಿ ಗ್ರಾಮಫೋನಿಗೆ ಪೇಟೆಂಟ್ ಪಡೆದ. ಎಡಿಸನ್ನನ ಉರುಳೆಗೆ ಬದಲು ಚಪ್ಪಟೆ ತಟ್ಟೆ ಬಂದದ್ದು ಅವನಿಂದ. ಅವನ ಯುನೈಟೆಡ್ ಸ್ಟೇಟ್ಸ್ ಗ್ರಾಮಫೋನ್ ಕಂಪನಿ 1893ರಲ್ಲಿ ಇದೇ ನಗರದಲ್ಲಿ ಆರಂಭವಾಯಿತು. ಕೊಲಂಬಿಯಾ ಫೋನೋಗ್ರಾಫ್ ಕಂಪನಿಯೂ 1889ರಲ್ಲಿ ಇಲ್ಲಿಯೇ ಹುಟ್ಟಿತು. ಬರ್ಲಿನರ್ ಬಳಿ ಕೆಲಸ ಕಲಿತ ವಾಷಿಂಗ್ಟನ್ನಿನ ಹುಡುಗ ಫ್ರೆಡ್ ಗೈಸ್‌ಬರ್ಗ್ 1902ರಲ್ಲಿ ಕಲ್ಕತ್ತೆಗೆ ಬಂದು ಗೌಹರ್ ಜಾನ್ ಅವರ ಹಾಡನ್ನು ಮುದ್ರಿಸಿದ. ಭಾರತದಲ್ಲಿ ವಾಣಿಜ್ಯ ಧ್ವನಿಮುದ್ರಣ ಬೇರೂರಿದ್ದು ಆ ಪ್ರವಾಸದಿಂದ.

ದಕ್ಷಿಣದ ನಗರಗಳಿಗೆ ಮುದ್ರಣ ಯಂತ್ರ ಬಂದದ್ದು ತುಸು ತಡವಾಗಿ. 1923ರ ಜೂನ್‌ನಲ್ಲಿ ಓಕೆ ಕಂಪನಿಯ ರಾಲ್ಫ್ ಪಿಯರ್ ಅಟ್ಲಾಂಟಾದ ನಸಾವ್ ರಸ್ತೆಯಲ್ಲಿ ತಾತ್ಕಾಲಿಕ ಸ್ಟುಡಿಯೊ ಹೂಡಿ ಪಿಟೀಲುವಾದಕ ಫಿಡ್ಲಿನ್ ಜಾನ್ ಕಾರ್ಸನ್‌ನ ಹಾಡುಗಳನ್ನು ಮುದ್ರಿಸಿದ. ಉತ್ತರ ಕ್ಯಾರೊಲಿನಾದ ಶಾರ್ಲೆಟ್‌ನಲ್ಲಿ 1936ರಲ್ಲಿ ಗಾಯಕರಾದ ಮನ್ರೋ ಸಹೋದರರ ಮೊದಲ ಮುದ್ರಣ ನಡೆಯಿತು. ಆಂಪ್ಲಿಫೈಯರ್ ತಯಾರಿಕೆಯಲ್ಲಿ ಹೆಸರಾದ ಮ್ಯಾಕಿಂಟಾಶ್ 1949ರಲ್ಲಿ ಆರಂಭವಾದದ್ದು ವಾಷಿಂಗ್ಟನ್ ಅಂಚಿನ ಸಿಲ್ವರ್ ಸ್ಪ್ರಿಂಗ್‌ನಲ್ಲಿ. 1951ರಲ್ಲಿ ಅದು ನ್ಯೂಯಾರ್ಕ್ ರಾಜ್ಯದ ಬಿಂಗ್‌ಹ್ಯಾಮ್ಟನ್‌ಗೆ ಹೋಯಿತು. ಅಮೆರಿಕದ ಸಂಸತ್ ಗ್ರಂಥಾಲಯ ತನ್ನ ಧ್ವನಿಮುದ್ರಿಕೆಗಳನ್ನು ಕಾಪಿಡುವುದು ವಾಷಿಂಗ್ಟನ್ನಿನಿಂದ ನೈರುತ್ಯಕ್ಕೆ ವರ್ಜೀನಿಯಾದ ಕಲ್‌ಪೆಪರ್‌ನಲ್ಲಿ 2007ರಲ್ಲಿ ತೆರೆದ ಪ್ಯಾಕಾರ್ಡ್ ಕ್ಯಾಂಪಸ್‌ನಲ್ಲಿ. ಶೀತಲ ಸಮರದ ಕಾಲದಲ್ಲಿ ಫೆಡರಲ್ ರಿಸರ್ವ್ ಬ್ಯಾಂಕಿಗಾಗಿ ಗುಡ್ಡದೊಳಗೆ ಕಟ್ಟಿದ್ದ ನೆಲೆಯದು.

ಮಾರ್ಷಲ್ ಲೀಚ್ ಮತ್ತು ಅಟ್ಲಾಂಟಾ

ಸ್ವಂತ ಕಟ್ಟುವವರ ಪಾಲಿಗೆ ಈ ಪ್ರದೇಶದ ದೊಡ್ಡ ಹೆಸರು ಡಬ್ಲ್ಯು. ಮಾರ್ಷಲ್ ಲೀಚ್. ಸೌತ್ ಕ್ಯಾರೊಲಿನಾ ವಿಶ್ವವಿದ್ಯಾಲಯದಲ್ಲಿ ಓದಿ, ಜಾರ್ಜಿಯಾ ಟೆಕ್‌ನಲ್ಲಿ 1972ರಲ್ಲಿ ಡಾಕ್ಟರೇಟ್ ಪಡೆದ ಅವರು ಅಲ್ಲಿಯೇ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಪ್ರಾಧ್ಯಾಪಕರಾಗಿ 2010ರಲ್ಲಿ ತೀರಿಕೊಳ್ಳುವವರೆಗೂ ಕಲಿಸಿದರು. 1976ರ ಫೆಬ್ರುವರಿಯ ‘ಆಡಿಯೋ’ ಪತ್ರಿಕೆಯಲ್ಲಿ ಅವರು ಪ್ರಕಟಿಸಿದ ಪವರ್ ಆಂಪ್ಲಿಫೈಯರ್ ವಿನ್ಯಾಸ ಲೀಚ್ ಆಂಪ್ ಎಂದೇ ಹವ್ಯಾಸಿಗಳ ಬಾಯಲ್ಲಿ ನಿಂತಿತು. ಅದೇ ದಶಕದಲ್ಲಿ ಪ್ರಿಆಂಪ್ಲಿಫೈಯರ್ ಮತ್ತು ಮೂವಿಂಗ್ ಕಾಯಿಲ್ ಕಾರ್ಟ್ರಿಡ್ಜ್‌ಗೆ ಬೇಕಾದ ಹೆಡ್ ಆಂಪ್ ವಿನ್ಯಾಸಗಳನ್ನೂ ಕೊಟ್ಟರು.

ಆ ಹೆಡ್ ಆಂಪ್ ಇಂದಿಗೂ ಪಾಠವಾಗಿ ಉಳಿದಿದೆ. ಅದರಲ್ಲಿ ಕಾರ್ಟ್ರಿಡ್ಜ್‌ನ ಸಂಕೇತ ಟ್ರಾನ್ಸಿಸ್ಟರಿನ ಬೇಸ್‌ಗೆ ಹೋಗುವುದಿಲ್ಲ, ಎಮಿಟರ್‌ಗೆ ಹೋಗುತ್ತದೆ. ಒಂದಕ್ಕೊಂದು ಪೂರಕವಾದ ಜೋಡಿ ಟ್ರಾನ್ಸಿಸ್ಟರ್‌ಗಳು ಕಾಮನ್ ಬೇಸ್ ಬಗೆಯಲ್ಲಿ ನಿಂತಿರುತ್ತವೆ. ವಿದ್ಯುತ್ ಪೂರೈಕೆಯ ಯಾವ ತುದಿಯೂ ನೆಲಕ್ಕೆ ಕಟ್ಟಿಕೊಳ್ಳದೆ ತೇಲುತ್ತದೆ. ಆದ್ದರಿಂದ ಬ್ಯಾಟರಿಯೇ ಅದಕ್ಕೆ ಸಹಜ ಸಂಗಾತಿ. ಎರಡು ಚಾನೆಲ್‌ಗಳಿಗೆ ಎರಡು ಪ್ರತ್ಯೇಕ ಬ್ಯಾಟರಿ ಬೇಕು. ಕೆಲವೇ ಬಿಡಿಭಾಗ, ಮನೆಯ ಮುಖ್ಯ ವಿದ್ಯುತ್ ಸರಬರಾಜಿನ ಗುಂಯ್‌ಗುಡುವಿಕೆಗೆ ದಾರಿಯೇ ಇಲ್ಲ.

ಲೀಚ್ 1994ರಲ್ಲಿ ಐಟ್ರಿಪಲ್‌ಇ ಸಂಸ್ಥೆಯ ‘ಪ್ರೊಸೀಡಿಂಗ್ಸ್’ ನಿಯತಕಾಲಿಕದಲ್ಲಿ ಕಡಿಮೆ ಗೊರಗಿನ (ನಾಯ್ಸ್) ಅನಲಾಗ್ ಮಂಡಲಗಳ ಮೂಲತತ್ತ್ವ ಕುರಿತು ದೀರ್ಘ ಪ್ರಬಂಧ ಬರೆದರು. ವಿದ್ವಾಂಸರ ಪತ್ರಿಕೆಗೂ ಹವ್ಯಾಸಿಯ ಮೇಜಿಗೂ ಒಂದೇ ಶ್ರದ್ಧೆಯಿಂದ ಬರೆದದ್ದು ಅವರ ವಿಶೇಷ. ಮೇರಿಲ್ಯಾಂಡಿನ ವಾಲ್ಟ್ ಜಂಗ್ ಕೂಡ ಇದೇ ಸಾಲಿನವರು. 1974ರಲ್ಲಿ ಬಂದ ಅವರ ‘ಐಸಿ ಆಪ್ ಆಂಪ್ ಕುಕ್‌ಬುಕ್’ ಆಪ್ ಆಂಪ್ ಚಿಪ್‌ಗಳನ್ನು ಸಾಮಾನ್ಯ ಹವ್ಯಾಸಿಯ ಕೈಗೆ ತಂದಿತು. 1980ರಲ್ಲಿ ರಿಚರ್ಡ್ ಮಾರ್ಷ್ ಜೊತೆ ಬರೆದ ಲೇಖನ ಕೆಪಾಸಿಟರ್‌ಗಳ ಆಯ್ಕೆಯನ್ನೇ ಚರ್ಚೆಯ ವಿಷಯವಾಗಿಸಿತು.

ಮಂಡಲದ ಬಗೆಗಳು

ಮನೆಯಲ್ಲಿ ಕಟ್ಟುವ ಫೋನೋ ಪ್ರಿಆಂಪ್ಲಿಫೈಯರ್‌ಗಳು ಮೂರು ಬಗೆ. ಆಪ್ ಆಂಪ್ ಚಿಪ್ ಬಳಸುವುದು ಸುಲಭ, ಅಗ್ಗ, ಅಳತೆಯಲ್ಲಿ ನಿಖರ. ಎನ್‌ಇ5534, ಅದರ ಜೋಡಿ ರೂಪ ಎನ್‌ಇ5532, ಒಪಿಎ2134, ಎಲ್‌ಎಂ4562 ಹೆಚ್ಚು ಬಳಕೆಯ ಚಿಪ್‌ಗಳು. ಬಿಡಿ ಟ್ರಾನ್ಸಿಸ್ಟರ್ ಅಥವಾ ಜೆಫೆಟ್ ಬಳಸುವ ಬಗೆಯಲ್ಲಿ ತೋಶಿಬಾದ 2ಎಸ್‌ಕೆ170 ಹೆಸರಾಗಿತ್ತು. ಅದರ ತಯಾರಿಕೆ ನಿಂತ ಮೇಲೆ ಎಲ್‌ಎಸ್‌ಕೆ170 ಆ ಜಾಗ ತುಂಬಿದೆ. ಮೂರನೆಯದು 12ಎಎಕ್ಸ್7ರಂಥ ವಾಲ್ವ್‌ಗಳದು. ಇದರಲ್ಲಿ 250-300 ವೋಲ್ಟ್ ಓಡಾಡುವುದರಿಂದ ಪ್ರಾಣಾಪಾಯ ಉಂಟು. ಸ್ವಿಚ್ ಆರಿಸಿದ ಮೇಲೂ ಕೆಪಾಸಿಟರ್‌ಗಳಲ್ಲಿ ವಿದ್ಯುತ್ ಉಳಿದಿರುತ್ತದೆ.

ಸಮೀಕರಣವನ್ನು ಮರುಪೂರಣದ ದಾರಿಯಲ್ಲಿ ಇಡಬಹುದು, ಇಲ್ಲವೇ ಎರಡು ಹಂತಗಳ ನಡುವೆ ನಿಷ್ಕ್ರಿಯ ಜಾಲವಾಗಿ ಇಡಬಹುದು. ಎರಡೂ ಸರಿ. ಮೊದಲ ಸಲ ಕಟ್ಟುವವರಿಗೆ ಲೆಕ್ಕಕ್ಕೂ ಪರೀಕ್ಷೆಗೂ ಎರಡನೆಯದು ಸರಳ. ಇತ್ತೀಚೆಗೆ ಸಮೀಕರಣವಿಲ್ಲದೆ ಬರೀ ವರ್ಧಿಸಿ, ಕಂಪ್ಯೂಟರಿಗೆ ತುಂಬಿ, ತಂತ್ರಾಂಶದಲ್ಲಿ ರೇಖೆಯನ್ನು ಅನ್ವಯಿಸುವ ಕ್ರಮವೂ ಬಂದಿದೆ.

ಒಂದು ಮಾದರಿ

ಮೂವಿಂಗ್ ಮ್ಯಾಗ್ನೆಟ್ ಕಾರ್ಟ್ರಿಡ್ಜ್‌ಗೆ ಎರಡು ಹಂತದ ಮಂಡಲ ಹೀಗಿರಬಹುದು. ಇನ್‌ಪುಟ್‌ನಲ್ಲಿ ನೆಲಕ್ಕೆ 47 ಕಿಲೋಓಮ್. ಮೊದಲ ಹಂತದಲ್ಲಿ ಎನ್‌ಇ5534, 3.09 ಕಿಲೋಓಮ್ ಮತ್ತು 100 ಓಮ್ ರೆಸಿಸ್ಟರ್‌ಗಳು ಸೇರಿ ಸುಮಾರು 32 ಪಟ್ಟು, ಅಂದರೆ 30 ಡೆಸಿಬೆಲ್ ವರ್ಧನೆ ಕೊಡುತ್ತವೆ. ನಂತರ ನಿಷ್ಕ್ರಿಯ ಜಾಲ. ಅದಾದ ಮೇಲೆ ಮೊದಲಿನದರಂತೆಯೇ ಇನ್ನೊಂದು ಹಂತ. ಜಾಲ 1 ಕಿಲೋಹರ್ಟ್ಸ್‌ನಲ್ಲಿ ಸುಮಾರು 20 ಡೆಸಿಬೆಲ್ ಕಳೆಯುವುದರಿಂದ ಒಟ್ಟು 40 ಡೆಸಿಬೆಲ್ ಉಳಿಯುತ್ತದೆ. ಎರಡೂ ಹಂತಗಳ 100 ಓಮ್ ಕಾಲಿಗೆ ಸರಣಿಯಲ್ಲಿ 470 ಮೈಕ್ರೊಫ್ಯಾರಡ್ ಕೆಪಾಸಿಟರ್ ಇಟ್ಟರೆ ನೇರ ವಿದ್ಯುತ್ತಿನ ಸಣ್ಣ ವ್ಯತ್ಯಾಸ ಹಿಗ್ಗುವುದಿಲ್ಲ. ಔಟ್‌ಪುಟ್‌ನಲ್ಲೂ ಒಂದು ಕಪ್ಲಿಂಗ್ ಕೆಪಾಸಿಟರ್ ಬೇಕು.

ಜಾಲದ ಲೆಕ್ಕ ಇಷ್ಟೇ: ಸಂಕೇತದ ದಾರಿಯಲ್ಲಿ ಒಂದು ರೆಸಿಸ್ಟರ್. ಅದರ ಆಚೆ ತುದಿಯಿಂದ ನೆಲಕ್ಕೆ ಎರಡು ಕವಲು. ಮೊದಲ ಕವಲಿನಲ್ಲಿ ಒಂದು ರೆಸಿಸ್ಟರ್ ಮತ್ತು ದೊಡ್ಡ ಕೆಪಾಸಿಟರ್ ಸರಣಿಯಲ್ಲಿ, ಎರಡನೆಯದರಲ್ಲಿ ಚಿಕ್ಕ ಕೆಪಾಸಿಟರ್ ಒಂದೇ. ದೊಡ್ಡ ಕೆಪಾಸಿಟರ್ 100 ನ್ಯಾನೊಫ್ಯಾರಡ್ ಎಂದಿಟ್ಟುಕೊಂಡರೆ ದಾರಿಯ ರೆಸಿಸ್ಟರ್ 21.87 ಕಿಲೋಓಮ್, ಕವಲಿನ ರೆಸಿಸ್ಟರ್ 3.18 ಕಿಲೋಓಮ್, ಚಿಕ್ಕ ಕೆಪಾಸಿಟರ್ 34.3 ನ್ಯಾನೊಫ್ಯಾರಡ್. ಅಂಗಡಿಯಲ್ಲಿ ಈ ಮೌಲ್ಯಗಳು ನೇರವಾಗಿ ಸಿಗುವುದಿಲ್ಲ. 21.5 ಕಿಲೋಓಮ್‌ಗೆ 374 ಓಮ್ ಸೇರಿಸಿದರೆ ಮೊದಲನೆಯದು, 3.16 ಕಿಲೋಓಮ್‌ಗೆ 20 ಓಮ್ ಸೇರಿಸಿದರೆ ಎರಡನೆಯದು ದಕ್ಕುತ್ತದೆ. 33 ನ್ಯಾನೊಫ್ಯಾರಡ್ ಜೊತೆ 1.2 ನ್ಯಾನೊಫ್ಯಾರಡ್ ಮತ್ತು 100 ಪೈಕೊಫ್ಯಾರಡ್ ಸಮಾಂತರವಾಗಿ ಕಟ್ಟಿದರೆ ಮೂರನೆಯದು ಸಿಗುತ್ತದೆ. ರೆಸಿಸ್ಟರ್‌ಗಳು ಶೇ. 1ರ ಮೆಟಲ್ ಫಿಲ್ಮ್ ಬಗೆಯವು, ಕೆಪಾಸಿಟರ್‌ಗಳು ಪಾಲಿಪ್ರೊಪಿಲೀನ್ ಅಥವಾ ಪಾಲಿಸ್ಟೈರೀನ್ ಬಗೆಯವು ಆಗಿರಬೇಕು. ಶೇ. 5 ತಪ್ಪಿದ ಕೆಪಾಸಿಟರ್ ರೇಖೆಯನ್ನು 0.4 ಡೆಸಿಬೆಲ್‌ವರೆಗೆ ಕದಲಿಸಬಲ್ಲದು. ಎಡ-ಬಲ ಚಾನೆಲ್‌ಗಳಲ್ಲಿ ಆ ತಪ್ಪು ಬೇರೆ ಬೇರೆಯಾದರೆ ಹಾಡುವವರ ದನಿ ನಡುವಿನಲ್ಲಿ ನಿಲ್ಲದೆ ಜರುಗುತ್ತದೆ. ಎಲ್‌ಸಿಆರ್ ಮೀಟರಿನಲ್ಲಿ ಅಳೆದು ಜೋಡಿ ಮಾಡಿಕೊಳ್ಳುವುದು ದುಬಾರಿ ಕೆಪಾಸಿಟರ್ ಕೊಳ್ಳುವುದಕ್ಕಿಂತ ಮೇಲು.

ಇನ್‌ಪುಟ್‌ನ ಕೆಪಾಸಿಟೆನ್ಸ್ ಅನ್ನು ಹಲವರು ಮರೆಯುತ್ತಾರೆ. ಕಾರ್ಟ್ರಿಡ್ಜ್‌ನ ಸುರುಳಿಯ ಇಂಡಕ್ಟೆನ್ಸ್ 500 ಮಿಲಿಹೆನ್ರಿ ಇದ್ದು, ಕೇಬಲ್ ಸೇರಿ ಒಟ್ಟು ಕೆಪಾಸಿಟೆನ್ಸ್ 200 ಪೈಕೊಫ್ಯಾರಡ್ ಆದರೆ ಇವೆರಡರ ಅನುರಣನ ಸುಮಾರು 16 ಕಿಲೋಹರ್ಟ್ಸ್‌ನಲ್ಲಿ ಬೀಳುತ್ತದೆ. 400 ಪೈಕೊಫ್ಯಾರಡ್ ಆದರೆ ಅದು 11 ಕಿಲೋಹರ್ಟ್ಸ್‌ಗೆ ಇಳಿದು ಕೇಳುವ ವಲಯದ ಇನ್ನೂ ಒಳಕ್ಕೆ ಬರುತ್ತದೆ. ಆದ್ದರಿಂದ ಟರ್ನ್‌ಟೇಬಲ್‌ನ ಕೇಬಲ್ ಚಿಕ್ಕದಿರಬೇಕು.

ಗೊರಗು, ಗುಂಯ್‌ಗುಡುವಿಕೆ, ಅರ್ತಿಂಗ್

ಅಮೆರಿಕದಲ್ಲಿ ಮನೆಯ ವಿದ್ಯುತ್ 120 ವೋಲ್ಟ್, 60 ಹರ್ಟ್ಸ್. ಆರ್‌ಐಎಎ ರೇಖೆ ಆ 60 ಹರ್ಟ್ಸ್ ಅನ್ನೇ 16 ಡೆಸಿಬೆಲ್‌ನಷ್ಟು ಎತ್ತಿ ಕೊಡುತ್ತದೆ. ಭಾರತದ 50 ಹರ್ಟ್ಸ್‌ನಲ್ಲಿ ಏರಿಕೆ ಇನ್ನೂ ತುಸು ಹೆಚ್ಚು, ಸುಮಾರು 17 ಡೆಸಿಬೆಲ್. ಹೀಗಾಗಿ ಹೊಸಬರು ಕಟ್ಟಿದ ಪ್ರಿಆಂಪ್ಲಿಫೈಯರ್‌ನಿಂದ ಮೊದಲು ಹೊರಡುವುದು ಸಾಮಾನ್ಯವಾಗಿ ಗುಂಯ್ ಸದ್ದೇ. ಪರಿಹಾರಗಳು ಗೊತ್ತಿರುವಂಥವೇ: ಟ್ರಾನ್ಸ್‌ಫಾರ್ಮರನ್ನು ಬೇರೆ ಪೆಟ್ಟಿಗೆಯಲ್ಲಿ ಇಡುವುದು, ಮಂಡಲವನ್ನು ಲೋಹದ ಪೆಟ್ಟಿಗೆಯಲ್ಲಿ ಕೂರಿಸುವುದು, ಇನ್‌ಪುಟ್ ಸಾಕೆಟ್‌ಗಳನ್ನು ಪೆಟ್ಟಿಗೆಗೆ ತಾಗದಂತೆ ಬೇರ್ಪಡಿಸುವುದು, ಎಲ್ಲ ನೆಲದ ತಂತಿಗಳನ್ನು ಒಂದೇ ಬಿಂದುವಿಗೆ ತಂದು ಅಲ್ಲಿಂದ ಮಾತ್ರ ಪೆಟ್ಟಿಗೆಗೆ ಕಟ್ಟುವುದು, ಟರ್ನ್‌ಟೇಬಲ್‌ನಿಂದ ಬರುವ ತೆಳು ಅರ್ತ್ ತಂತಿಯನ್ನು ಪೆಟ್ಟಿಗೆಗೆ ಬಿಗಿಯುವುದು. ಗುಂಯ್ ತಪ್ಪಿಸಲು ಗೋಡೆಯ ಪ್ಲಗ್ಗಿನ ಸುರಕ್ಷತಾ ಅರ್ತ್ ಕತ್ತರಿಸುವುದು ಮಾತ್ರ ಯಾವ ಕಾರಣಕ್ಕೂ ಸಲ್ಲದು.

ಮೊದಲ ಸಲ ಕಟ್ಟುವವರು ಗೋಡೆಗೆ ಚುಚ್ಚುವ ಕಡಿಮೆ ವೋಲ್ಟಿನ ಎಸಿ ಅಡಾಪ್ಟರ್ ಬಳಸಿ, ಪೆಟ್ಟಿಗೆಯೊಳಗೆ ಅದನ್ನು ಧನ-ಋಣ 15 ವೋಲ್ಟ್‌ಗೆ ರೆಗ್ಯುಲೇಟ್ ಮಾಡಿಕೊಂಡರೆ ಮುಖ್ಯ ಸರಬರಾಜಿನ ಅಪಾಯವೂ ದೂರ, ಗುಂಯ್ ಸದ್ದೂ ದೂರ.

ಗೊರಗಿಗೆ ಭೌತಶಾಸ್ತ್ರದ ಮಿತಿ ಇದೆ. 100 ಓಮ್ ರೆಸಿಸ್ಟರ್ ತನ್ನಷ್ಟಕ್ಕೇ ಹರ್ಟ್ಸ್‌ನ ವರ್ಗಮೂಲಕ್ಕೆ 1.3 ನ್ಯಾನೊವೋಲ್ಟ್ ಗೊರಗು ಹುಟ್ಟಿಸುತ್ತದೆ. ಎನ್‌ಇ5534 ಚಿಪ್ಪಿನದು 3.5. ಮೂವಿಂಗ್ ಮ್ಯಾಗ್ನೆಟ್‌ಗೆ ಇಷ್ಟು ಸಾಕು. ಅಲ್ಲಿ ಕಾರ್ಟ್ರಿಡ್ಜ್‌ನದೇ ಗೊರಗು ಹೆಚ್ಚು. 10 ಓಮ್ ಸುರುಳಿಯ ಮೂವಿಂಗ್ ಕಾಯಿಲ್‌ಗೆ ಮಾತ್ರ 1 ನ್ಯಾನೊವೋಲ್ಟ್ ಆಸುಪಾಸಿನ ಮಂಡಲ ಬೇಕು. ಲೀಚ್ ಹೆಡ್ ಆಂಪ್‌ನಂಥ ವಿನ್ಯಾಸಗಳಿಗೂ ಸ್ಟೆಪ್-ಅಪ್ ಟ್ರಾನ್ಸ್‌ಫಾರ್ಮರ್‌ಗಳಿಗೂ ಬೇಡಿಕೆ ಬಂದದ್ದು ಇದರಿಂದ.

ಪರೀಕ್ಷೆ

ಕಿವಿಯೊಂದನ್ನೇ ನಂಬಿದರೆ ಸಾಲದು. ಎರಡು ಚಾನೆಲ್‌ನ ಯುಎಸ್‌ಬಿ ಸೌಂಡ್ ಕಾರ್ಡ್ ಇದ್ದರೆ ರೇಖೆಯನ್ನು ಮನೆಯಲ್ಲೇ ಅಳೆಯಬಹುದು. ಸಂಕೇತವನ್ನು ಕೆಲವು ಮಿಲಿವೋಲ್ಟ್‌ಗೆ ಇಳಿಸಿ ಇನ್‌ಪುಟ್‌ಗೆ ಕೊಟ್ಟಾಗ, 1 ಕಿಲೋಹರ್ಟ್ಸ್‌ಗೆ ಹೋಲಿಸಿದರೆ ಔಟ್‌ಪುಟ್ 100 ಹರ್ಟ್ಸ್‌ನಲ್ಲಿ 13.1 ಡೆಸಿಬೆಲ್ ಮೇಲಕ್ಕೆ, 500ರಲ್ಲಿ 2.65 ಮೇಲಕ್ಕೆ, 5 ಕಿಲೋಹರ್ಟ್ಸ್‌ನಲ್ಲಿ 8.2 ಕೆಳಕ್ಕೆ, 10 ಕಿಲೋಹರ್ಟ್ಸ್‌ನಲ್ಲಿ 13.7 ಕೆಳಕ್ಕೆ ಇರಬೇಕು. ಎಲ್ಲ ಕಡೆ 0.2 ಡೆಸಿಬೆಲ್ ಒಳಗೆ ಹೊಂದಿದರೆ ಮನೆಯ ಕೆಲಸ ಕಾರ್ಖಾನೆಯದಕ್ಕೆ ಸಮ. ಬಾಗಿದ ತಟ್ಟೆ ಹುಟ್ಟಿಸುವ ಕೆಲವೇ ಹರ್ಟ್ಸ್‌ಗಳ ಅಲುಗಾಟ ಸ್ಪೀಕರಿನ ಕೋನನ್ನು ಒದ್ದಾಡಿಸುವುದರಿಂದ 20 ಹರ್ಟ್ಸ್‌ಗಿಂತ ಕೆಳಗೆ ಕತ್ತರಿಸುವ ಫಿಲ್ಟರ್ ಇರುವುದು ಒಳ್ಳೆಯದು.

ಕನ್ನಡ ಮನೆಗಳು ಮತ್ತು ಹಳೆಯ ತಟ್ಟೆಗಳು

ವಾಷಿಂಗ್ಟನ್ ವಲಯದಲ್ಲಿ ಕಾವೇರಿ ಕನ್ನಡ ಸಂಘ, ಅಟ್ಲಾಂಟಾದಲ್ಲಿ ನೃಪತುಂಗ ಕನ್ನಡ ಕೂಟ ಹಲವು ದಶಕಗಳಿಂದ ನಡೆದುಬಂದಿವೆ. 2012ರ ಅಕ್ಕ ವಿಶ್ವ ಕನ್ನಡ ಸಮ್ಮೇಳನ ಅಟ್ಲಾಂಟಾದಲ್ಲೇ ಆಯಿತು. ಊರಿನಿಂದ ತಂದ ತಟ್ಟೆಗಳನ್ನು ಇಲ್ಲಿ ನುಡಿಸುವವರಿಗೆ ಕೆಲವು ವಿಶೇಷ ತೊಡಕುಗಳಿವೆ. ಭಾರತದ ಮಧ್ಯಮವರ್ಗದ ಮನೆಗಳಲ್ಲಿದ್ದ ರೆಕಾರ್ಡ್ ಪ್ಲೇಯರ್‌ಗಳಲ್ಲಿ ಹೆಚ್ಚಿನವು ಸೆರಾಮಿಕ್ ಕಾರ್ಟ್ರಿಡ್ಜ್‌ನವು. ಅವುಗಳ ಸಂಕೇತ ಸಾಕಷ್ಟು ದೊಡ್ಡದಿದ್ದು, ಸಮೀಕರಣವೂ ಬಹುಮಟ್ಟಿಗೆ ತಾನಾಗಿ ಆಗುತ್ತಿದ್ದರಿಂದ ಫೋನೋ ಪ್ರಿಆಂಪ್ಲಿಫೈಯರ್ ಎಂಬುದೇ ಬೇಕಿರಲಿಲ್ಲ. ಆ ಪ್ಲೇಯರನ್ನು ಈ ಮಂಡಲಕ್ಕೆ ಕಟ್ಟಿದರೆ ದನಿ ಒಡೆದು ಹೋಗುತ್ತದೆ.

ಇನ್ನೊಂದು ತೊಡಕು ಮೋಟಾರಿನದು. 50 ಹರ್ಟ್ಸ್‌ಗೆ ಮಾಡಿದ ಸಿಂಕ್ರೊನಸ್ ಮೋಟಾರ್ 60 ಹರ್ಟ್ಸ್‌ನಲ್ಲಿ ಶೇ. 20 ವೇಗವಾಗಿ ಓಡುತ್ತದೆ. ನಿಮಿಷಕ್ಕೆ 33⅓ ಸುತ್ತುವ ತಟ್ಟೆ ಸರಿಯಾಗಿ 40 ಸುತ್ತುತ್ತದೆ. ಒಂದು ಮನೆ ಶ್ರುತಿಯಲ್ಲಿ ಹಾಡಿದವರು ಎರಡೂವರೆ ಮನೆಗೂ ತುಸು ಮೇಲೆ ಹಾಡಿದಂತೆ ಕೇಳಿಸುತ್ತದೆ. ಇದನ್ನು ಪುಲ್ಲಿ ಬದಲಿಸಿ ಸರಿಪಡಿಸಬೇಕೇ ಹೊರತು ಪ್ರಿಆಂಪ್ಲಿಫೈಯರ್‌ನಿಂದ ಆಗದು.

ಪಿಟೀಲು ಚೌಡಯ್ಯನವರ ಕಾಲದ 78 ಸುತ್ತಿನ ತಟ್ಟೆಗಳಿಗೆ ಆರ್‌ಐಎಎ ರೇಖೆ ಹೊಂದುವುದಿಲ್ಲ. ಎಚ್‌ಎಂವಿ ಬಳಗದ ಆ ಕಾಲದ ವಿದ್ಯುತ್ ಮುದ್ರಣಗಳಲ್ಲಿ ಮಂದ್ರದ ತಿರುವು 250-300 ಹರ್ಟ್ಸ್ ಆಸುಪಾಸು; ತಾರವನ್ನು ಎತ್ತಿರುವುದಿಲ್ಲ. ಆರ್‌ಐಎಎಯಲ್ಲಿ ನುಡಿಸಿದರೆ ಪಿಟೀಲಿನ ಹೊಳಪು ಮಸುಕಾಗುತ್ತದೆ. 1925ಕ್ಕೆ ಮುಂಚಿನ ಯಾಂತ್ರಿಕ ಮುದ್ರಣಗಳಿಗಂತೂ ವಿದ್ಯುತ್ ಸಮೀಕರಣವೇ ಇರಲಿಲ್ಲ. ಸ್ವಂತ ಕಟ್ಟುವವರಿಗೆ ಇಲ್ಲಿ ಅನುಕೂಲವಿದೆ: ಒಂದು ಸ್ವಿಚ್ ಸೇರಿಸಿ ಜಾಲವನ್ನು ಬದಲಿಸಿಕೊಳ್ಳಬಹುದು, ಇನ್ನೊಂದು ಸ್ವಿಚ್‌ನಿಂದ ಎರಡು ಚಾನೆಲ್‌ಗಳನ್ನು ಒಂದುಗೂಡಿಸಿ ಗೀರಿನ ಮೇಲೆ-ಕೆಳಗಿನ ಅಲುಗಾಟದ ಗೊರಗನ್ನು ಕಳೆಯಬಹುದು. ಸೂಜಿಯೂ 78ಕ್ಕೆ ತಕ್ಕ ದಪ್ಪ ತುದಿಯದೇ ಆಗಿರಬೇಕು.

ಬಿಡಿಭಾಗಗಳು ಮತ್ತು ಇಂದಿನ ಸ್ಥಿತಿ

ಕೆಪಾಸಿಟರ್ ಉದ್ಯಮಕ್ಕೆ ದಕ್ಷಿಣ ಕ್ಯಾರೊಲಿನಾ ಹೆಸರಾದ ನೆಲೆ. ಸಿಂಪ್ಸನ್‌ವಿಲ್‌ನ ಕೆಮೆಟ್, ಫೌಂಟನ್ ಇನ್‌ನ ಎವಿಎಕ್ಸ್ ಎರಡೂ ಅಲ್ಲಿ ಬೆಳೆದವು. ಕೆಮೆಟ್ ಅನ್ನು 2020ರಲ್ಲಿ ತೈವಾನಿನ ಯಾಜಿಯೊ ಕೊಂಡಿತು. ಜಾರ್ಜಿಯಾದ ರಾಸ್‌ವಿಲ್‌ನಲ್ಲಿ ವೆಸ್ಟರ್ನ್ ಎಲೆಕ್ಟ್ರಿಕ್ ಹೆಸರಿನ ಕಂಪನಿ 300ಬಿ ವಾಲ್ವ್‌ಗಳನ್ನು ಮತ್ತೆ ತಯಾರಿಸುತ್ತಿದೆ. ಉತ್ತರ ಕ್ಯಾರೊಲಿನಾದ ಶೆಲ್ಬಿಯಂಥ ಊರುಗಳಲ್ಲಿ ನಡೆಯುವ ಹ್ಯಾಮ್ ರೇಡಿಯೊ ಸಂತೆಗಳಲ್ಲಿ ಹಳೆಯ ಟ್ರಾನ್ಸ್‌ಫಾರ್ಮರ್, ಪೆಟ್ಟಿಗೆ, ಅಳತೆಯ ಉಪಕರಣಗಳು ಸಿಗುತ್ತವೆ. ಮೇರಿಲ್ಯಾಂಡಿನ ರಾಕ್‌ವಿಲ್‌ನಲ್ಲಿ ನಡೆಯುವ ಕ್ಯಾಪಿಟಲ್ ಆಡಿಯೋಫೆಸ್ಟ್‌ನಲ್ಲಿ ಸಿದ್ಧ ಉಪಕರಣಗಳನ್ನು ಕೇಳಿ ಹೋಲಿಸಬಹುದು. ಬೆಂಗಳೂರಿನಲ್ಲಿ ಬಿಡಿಭಾಗಗಳು ಸಿಗುವ ಜಾಗ ಎಸ್.ಪಿ. ರಸ್ತೆ. 1954ರಲ್ಲಿ ಸ್ಥಾಪನೆಯಾದ, ಜಾಲಹಳ್ಳಿಯ ಬಿಇಎಲ್ ತಯಾರಿಸುತ್ತಿದ್ದ ವಾಲ್ವ್ ಮತ್ತು ಟ್ರಾನ್ಸಿಸ್ಟರ್‌ಗಳಿಂದಲೇ ಕರ್ನಾಟಕದ ಹಳೆಯ ತಲೆಮಾರಿನ ಹವ್ಯಾಸಿಗಳು ಕೈ ಪಳಗಿಸಿಕೊಂಡರು.

ತಟ್ಟೆಗಳಿಗೆ ಬೇಡಿಕೆ ಮತ್ತೆ ಏರಿದೆ. 2022ರಲ್ಲಿ ಅಮೆರಿಕದಲ್ಲಿ ಮಾರಾಟವಾದ ವಿನೈಲ್ ತಟ್ಟೆಗಳ ಸಂಖ್ಯೆ 1987ರ ನಂತರ ಮೊದಲ ಬಾರಿಗೆ ಸಿಡಿಗಳನ್ನು ಮೀರಿತು. ಹೊಸ ಟರ್ನ್‌ಟೇಬಲ್‌ಗಳಲ್ಲಿ ಹಲವಕ್ಕೆ ಒಳಗೇ ಪ್ರಿಆಂಪ್ಲಿಫೈಯರ್ ಇರುತ್ತದೆ. ಸ್ವಂತದ್ದನ್ನು ಕಟ್ಟಿದವರು ಅದನ್ನು ಸ್ವಿಚ್‌ನಿಂದ ಆರಿಸುವುದನ್ನು ಮರೆಯಬಾರದು, ಇಲ್ಲವಾದರೆ ಸಮೀಕರಣ ಎರಡು ಸಲ ಆಗುತ್ತದೆ.

ಈ ಮಂಡಲದ ಗಣಿತ ಪೂರ್ತಿ ತಿಳಿದಿದೆ, ವಿನ್ಯಾಸಗಳು ಪ್ರಕಟವಾಗಿವೆ. ಫಲಿತಾಂಶವನ್ನು ನಿರ್ಧರಿಸುವುದು ಅಳೆದು ಜೋಡಿಸಿದ ನಾಲ್ಕು ಬಿಡಿಭಾಗಗಳು ಮತ್ತು ನೆಲದ ತಂತಿಯ ಶಿಸ್ತು. ದುಬಾರಿ ಚಿಪ್ಪು, ಚಿನ್ನದ ಸಾಕೆಟ್‌ಗಳ ಪಾಲು ಅಲ್ಪ. ಮೊದಲು ಕಟ್ಟುವವರು ವಾಲ್ವ್ ಮತ್ತು ಮೂವಿಂಗ್ ಕಾಯಿಲ್‌ಗಳನ್ನು ಮುಂದಕ್ಕೆ ಬಿಟ್ಟು, ಕಡಿಮೆ ವೋಲ್ಟಿನ ಆಪ್ ಆಂಪ್ ಮಂಡಲದಿಂದ ಆರಂಭಿಸುವುದು ಉತ್ತಮ.